ಸುರುಳಿ ಸುತ್ತುವ ಮುನ್ನ ಹುಲ್ಲಿನ ತೇವ ಅಳೆಯಿರಿ

ಡಿಸೆಂಬರ್ ಬಂತೆಂದರೆ ಕೊಡಗಿನ ತಿತಿಮತಿಯ ಸುತ್ತಮುತ್ತ ಕಾಫಿಯ ತೇವಾಂಶದ ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ) ಶೇ 10ಕ್ಕೆ ಇಳಿಯಿತೇ, ಅರೇಬಿಕಾ ಚೆರಿ (ಹಣ್ಣಿನಲ್ಲೇ ಒಣಗಿಸಿದ್ದು) ಶೇ 12ಕ್ಕೆ ಬಂತೇ, ರೊಬಸ್ಟಾ ಚೆರಿ ಶೇ 11 ಮುಟ್ಟಿತೇ ಎಂದು ಕಣದಲ್ಲಿ ವಿಚಾರಣೆ ನಡೆಯುತ್ತದೆ. ಕಾಫಿ ಮಂಡಳಿ ಹೇಳುವ ಈ ಮೂರು ಅಂಕಿಗಳು ಬೆಳೆಗಾರರಿಗೆ ಬಾಯಿಪಾಠ. ಹಿಡಿ ಚೆರಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಸದ್ದು ಕೇಳುವುದರಿಂದ ಹಿಡಿದು, ವ್ಯಾಪಾರಿಯ ಮೀಟರಿನವರೆಗೆ ಕಾಫಿಗೆ ಹತ್ತು ಪರೀಕ್ಷೆ. ಚೀಲದ ಬೆಲೆ ಅದರ ಮೇಲೆ ನಿಂತಿದೆ.

ಅದೇ ತೋಟದ ಕೆಳಗಿನ ಗದ್ದೆಯಲ್ಲಿ ಭತ್ತದ ಕೊಯ್ಲೂ ಅದೇ ದಿನಗಳಲ್ಲಿ ಆಗುತ್ತದೆ. ಅಲ್ಲಿ ಬೇಲರ್ ಯಂತ್ರ ಹುಲ್ಲನ್ನು ಸುರುಳಿ ಸುತ್ತುವಾಗ ಮಾತ್ರ ಯಾರೂ ಮೀಟರ್ ಹಿಡಿಯುವುದಿಲ್ಲ. ‘ಬಿಸಿಲು ಚೆನ್ನಾಗಿದೆ, ಒಣಗಿರುತ್ತೆ’ ಎಂಬ ಅಂದಾಜಿನಲ್ಲೇ ಕೆಲಸ ಮುಗಿಯುತ್ತದೆ. ಕೊಡಗಿನ ಮಳೆಗಾಲ ಪೂರ್ತಿ ಕೊಟ್ಟಿಗೆಯ ದನಗಳ ಹೊಟ್ಟೆ ತುಂಬಬೇಕಾದದ್ದು ಈ ಹುಲ್ಲೇ. ಆನೆಗೂ ಇದು ಬೇಕು. ಮೈಸೂರು ದಸರೆಗೆ ಹೋದ ಆನೆಗಳಿಗೆ ಕೊಡುವ ಕುಸುರೆಯಲ್ಲಿ ಭತ್ತ, ಬೆಲ್ಲ, ತೆಂಗಿನಕಾಯಿಯನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿರುತ್ತಾರೆ. 2020ರಿಂದ ಹಲವು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅಭಿಮನ್ಯು ತಿತಿಮತಿಗೆ ಹತ್ತಿರದ ಮತ್ತಿಗೋಡು ಶಿಬಿರದವನು. ಇಂಥ ಮೇವಿಗೆ ಕಾಫಿಗೆ ಸಿಗುವ ಎಚ್ಚರದಲ್ಲಿ ಅರ್ಧವಾದರೂ ಸಿಗಬೇಕು. ಯಂತ್ರ ಗದ್ದೆಗೆ ಇಳಿದ ಮೇಲಂತೂ ತೇವ ಅಳೆಯುವುದು ತಪ್ಪಿಸಲಾಗದ ಕೆಲಸ.

ಯಂತ್ರ ಕಸಿದುಕೊಂಡ ದಿನಗಳು

ಕುಡುಗೋಲಿನ ಕಾಲದಲ್ಲಿ ಹುಲ್ಲು ತಾನಾಗಿಯೇ ಒಣಗುತ್ತಿತ್ತು. ಕೊಯ್ದ ಪೈರು ಗದ್ದೆಯಲ್ಲೇ ಬಿಸಿಲು ಕಾಯುತ್ತಿತ್ತು. ಆಮೇಲೆ ಕಟ್ಟಾಗಿ ಕಣ ಸೇರಿ, ಬಡಿಸಿಕೊಂಡು, ಮತ್ತೆ ಬಿಸಿಲು ಕಂಡು ಕೊನೆಗೆ ಮೆದೆ ಏರುತ್ತಿತ್ತು. ಮೆದೆಯೂ ಸಡಿಲವಾದದ್ದು. ಅಲ್ಲಲ್ಲಿ ಹಸಿ ಉಳಿದಿದ್ದರೂ ಸಂದಿಗಳಲ್ಲಿ ಗಾಳಿಯಾಡಿ ತೇವ ಮತ್ತು ಶಾಖ ಎರಡೂ ಹೊರಗೆ ಹೋಗುತ್ತಿದ್ದವು.

ಕಟಾವು ಯಂತ್ರ ಬಂದ ಮೇಲೆ ಪೈರು ಕೊಯ್ಯುವುದು, ಕಾಳು ಉದುರಿಸುವುದು, ಹುಲ್ಲನ್ನು ಸಾಲಾಗಿ ಹಿಂದಕ್ಕೆ ಚೆಲ್ಲುವುದು ಎಲ್ಲ ಒಂದೇ ಗಳಿಗೆಯಲ್ಲಿ ಆಗುತ್ತದೆ. ಈಗಿನ ಅನೇಕ ತಳಿಗಳಲ್ಲಿ ಕಾಳು ಬಲಿತಾಗಲೂ ದಂಟು ಹಸಿರಾಗಿಯೇ ಇರುತ್ತದೆ. ಹಾಗೆ ಬಿದ್ದ ಹುಲ್ಲಿನಲ್ಲಿ ಶೇ 60ರಷ್ಟು ನೀರಿದೆ ಎಂದುಕೊಳ್ಳಿ. ಒಂದು ಟನ್ ಹುಲ್ಲಿನಲ್ಲಿ ಒಣ ಪದಾರ್ಥ 400 ಕಿಲೋ ಮಾತ್ರ. ಅದನ್ನು ಶೇ 15ಕ್ಕೆ ತರಬೇಕಾದರೆ ಸುಮಾರು 530 ಲೀಟರ್ ನೀರು ಗಾಳಿಗೆ ಹೋಗಬೇಕು, ಉಳಿಯುವುದು 470 ಕಿಲೋ. ಈ ಕೆಲಸಕ್ಕೆ ಬಿಸಿಲೂ ಗಾಳಿಯೂ ದಿನಗಳೂ ಬೇಕು. ಬೇಲರ್ ಬರುವುದು ಅದರ ಬುಕಿಂಗ್ ಪ್ರಕಾರ, ಹುಲ್ಲು ಒಣಗಿದ ಪ್ರಕಾರ ಅಲ್ಲ.

ಟ್ರ್ಯಾಕ್ಟರ್ ಹಿಂದೆ ಓಡುವ ಸಣ್ಣ ಬೇಲರ್ ಸಾಲಿನ ಹುಲ್ಲನ್ನು ಕೊಕ್ಕೆಗಳಿಂದ ಎತ್ತಿಕೊಂಡು, ತಿರುಗುವ ರೋಲರುಗಳ ನಡುವೆ ಒತ್ತಿ ಸುತ್ತಿ, ದಾರ ಬಿಗಿದು, ಇಪ್ಪತ್ತು ಕಿಲೋ ಆಸುಪಾಸಿನ ಸುರುಳಿಯನ್ನು ಕೆಳಗೆ ಉರುಳಿಸುತ್ತದೆ. ಸುರುಳಿಯಲ್ಲಿ ಹುಲ್ಲು ಮೆದೆಗಿಂತ ಹಲವು ಪಟ್ಟು ಒತ್ತಾಗಿರುತ್ತದೆ. ಸಾಗಿಸಲು, ಒಟ್ಟಲು ಇದಕ್ಕಿಂತ ಅನುಕೂಲ ಬೇರಿಲ್ಲ. ಆದರೆ ಒಳಗೆ ಸಿಕ್ಕಿಬಿದ್ದ ತೇವಕ್ಕೆ ಹೊರಬರಲು ದಾರಿಯೂ ಇಲ್ಲ.

ಒಳಗೆ ನಡೆಯುವುದೇನು?

ಕೊಯ್ದ ಕೂಡಲೇ ಹುಲ್ಲು ಸಾಯುವುದಿಲ್ಲ. ತೇವ ಇರುವವರೆಗೆ ಅದರ ಜೀವಕೋಶಗಳು ಉಸಿರಾಡುತ್ತಲೇ ಇರುತ್ತವೆ. ತಮ್ಮಲ್ಲಿರುವ ಸಕ್ಕರೆಯನ್ನು ಆಮ್ಲಜನಕದ ಜೊತೆ ಸುಟ್ಟು ಇಂಗಾಲದ ಡೈಆಕ್ಸೈಡ್, ನೀರು, ಶಾಖ ಬಿಡುತ್ತವೆ. ಬೂಷ್ಟು, ಬ್ಯಾಕ್ಟೀರಿಯಾಗಳು ಮಾಡುವುದೂ ಇದನ್ನೇ. ಒಂದು ಕಿಲೋ ಗ್ಲೂಕೋಸ್ ಹೀಗೆ ಉರಿದರೆ 600 ಗ್ರಾಂ ಹೊಸ ನೀರು ಹುಟ್ಟುತ್ತದೆ. ಅಂದರೆ ತೇವದಿಂದ ಸೂಕ್ಷ್ಮಜೀವಿ ಬೆಳೆಯುತ್ತದೆ, ಸೂಕ್ಷ್ಮಜೀವಿಯಿಂದ ತೇವ ಇನ್ನಷ್ಟು ಹೆಚ್ಚುತ್ತದೆ. ಬಿಗಿಯಾಗಿ ಒತ್ತಿದ ಹುಲ್ಲು ಕಂಬಳಿ ಹೊದ್ದಂತೆ ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಮೊದಲು ಸಾಧಾರಣ ಬಿಸುಪಿನಲ್ಲಿ ಬೆಳೆಯುವ ಜೀವಿಗಳ ಸರದಿ. 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಾಖಪ್ರಿಯ ಜೀವಿಗಳು ಕೆಲಸ ಹಿಡಿದು 65-70 ಡಿಗ್ರಿಯವರೆಗೆ ಎಳೆದೊಯ್ಯುತ್ತವೆ. ಅಲ್ಲಿಗೆ ಅವೂ ಸಾಯುತ್ತವೆ, ಆದರೆ ಬಿಸಿ ನಿಲ್ಲಬೇಕೆಂದಿಲ್ಲ. ಹುಲ್ಲಿನ ಸಕ್ಕರೆ ಮತ್ತು ಪ್ರೋಟೀನು ತಮ್ಮತಮ್ಮಲ್ಲೇ ಕೂಡಿಕೊಳ್ಳುವ ರಾಸಾಯನಿಕ ಕ್ರಿಯೆಗೆ ಜೀವಿಗಳ ಹಂಗಿಲ್ಲ. ಹುಲ್ಲು ಕಂದು ತಿರುಗಿ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. ದನ ಅದನ್ನು ಇಷ್ಟಪಟ್ಟೇ ತಿನ್ನಬಹುದು, ಆದರೆ ಹಾಗೆ ಬೆಸೆದುಕೊಂಡ ಪ್ರೋಟೀನು ಜೀರ್ಣವಾಗದೆ ಸಗಣಿಗೆ ಹೋಗುತ್ತದೆ. 80 ಡಿಗ್ರಿ ಸಮೀಪಿಸಿದರೆ ಬೆಂಕಿಯ ಭಯ. ಒದ್ದೆ ಹುಲ್ಲು ಒಟ್ಟಿದರೆ ತಾನೇ ಹೊತ್ತಿಕೊಳ್ಳುತ್ತದೆ ಎಂದು ಮೊದಲನೇ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲಾ ಆಗಲೇ ಎಚ್ಚರಿಸಿದ್ದ.

ಹಸಿರು ಮೇವಿನ ಹುಲ್ಲಿಗೆ ಹೋಲಿಸಿದರೆ ಭತ್ತದ ಹುಲ್ಲಿನಲ್ಲಿ ಸಕ್ಕರೆಯಂಶ ಕಡಿಮೆ. ಹಾಗಾಗಿ ನಮ್ಮಲ್ಲಿ ಬೆಂಕಿಗಿಂತ ದೊಡ್ಡ ಶತ್ರು ಬೂಷ್ಟು. ಮುಗ್ಗಿದ ಮೇವಿನ ಕೆಲವು ಬೂಷ್ಟುಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಹಸುವಿನ ಯಕೃತ್ತಿನಲ್ಲಿ ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ. ಪಂಜಾಬ್, ಹರಿಯಾಣದ ಎಮ್ಮೆಗಳನ್ನು ಕಾಡುವ ಡೆಗ್‌ನಾಲಾ ರೋಗಕ್ಕೂ ಬೂಷ್ಟು ಹಿಡಿದ ಭತ್ತದ ಹುಲ್ಲಿಗೂ ನಂಟಿದೆ. ಬಾಲದ ತುದಿ, ಕಿವಿಯ ಅಂಚು, ಕಾಲು ರಕ್ತ ಹರಿಯದೆ ಕೊಳೆಯುತ್ತವೆ. ಸುರುಳಿ ಬಿಚ್ಚುವವರ ಶ್ವಾಸಕೋಶಕ್ಕೂ ಆ ಬೂದುಬಣ್ಣದ ದೂಳು ಒಳ್ಳೆಯದಲ್ಲ. ದಿನವೂ ಅದನ್ನು ಉಸಿರಿಗೆಳೆದುಕೊಂಡರೆ ಜ್ವರ, ಕೆಮ್ಮು, ಏದುಸಿರು ತರುವ ‘ರೈತನ ಶ್ವಾಸಕೋಶ’ ಎಂಬ ಕಾಯಿಲೆಯೇ ಇದೆ.

ಕೈ, ಉಪ್ಪು, ತಕ್ಕಡಿ, ಮೀಟರ್

ಹಾಗಾದರೆ ಎಷ್ಟು ತೇವ ಇರಬಹುದು? ಸಣ್ಣ ಸುರುಳಿಗೆ ಶೇ 18ರಿಂದ 20 ಕೊನೆಯ ಗೆರೆ. ಸುರುಳಿ ದೊಡ್ಡದಾದಷ್ಟೂ ಶಾಖ ಹೊರಬರುವುದು ಕಷ್ಟ, ಹಾಗಾಗಿ ಗೆರೆ ಇನ್ನೂ ಕೆಳಗಿಳಿಯುತ್ತದೆ. ಮಳೆಗಾಲ ದಾಟಬೇಕಾದ ಹುಲ್ಲಿಗೆ ಶೇ 15ರ ಗುರಿ ಇಟ್ಟುಕೊಳ್ಳುವುದು ಕ್ಷೇಮ. ತೀರಾ ಒಣಗಿಸಿದರೂ ನಷ್ಟವೇ. ಶೇ 10ಕ್ಕಿಂತ ಕೆಳಗೆ ಹೋದರೆ ಎಲೆ ಪುಡಿಯಾಗಿ ಗದ್ದೆಯಲ್ಲೇ ಉದುರಿ, ಸುರುಳಿಯಲ್ಲಿ ಬರಿಯ ದಂಟು ಉಳಿಯುತ್ತದೆ.

ಮೊದಲ ಪರೀಕ್ಷೆ ಕೈಯದು. ಒಂದು ಹಿಡಿ ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ. ಪಟಪಟನೆ ಮುರಿದರೆ ಒಣಗಿದೆ, ಹಗ್ಗದಂತೆ ಬಳುಕಿದರೆ ಇನ್ನೂ ಹಸಿ. ಅಷ್ಟಕ್ಕೇ ನಿಲ್ಲಬೇಡಿ. ದಂಟಿನ ಗೆಣ್ಣು ಹುಡುಕಿ. ಎಲೆ ಮೊದಲು ಒಣಗುತ್ತದೆ, ಟೊಳ್ಳು ದಂಟು ಆಮೇಲೆ, ಗಟ್ಟಿಯಾದ ಗೆಣ್ಣು ಎಲ್ಲಕ್ಕಿಂತ ಕೊನೆಗೆ. ಸುತ್ತಿಕೊಂಡಿರುವ ಎಲೆಯ ಕವಚವನ್ನು ಸುಲಿದು ಗೆಣ್ಣನ್ನು ಉಗುರಿನಿಂದ ಕೆರೆದು ನೋಡಿ. ಸಿಪ್ಪೆ ಏಳದೆ ಗಟ್ಟಿಯಾಗಿದ್ದರೆ ಸರಿ. ಹಸಿರು ಕಂಡು ಉಗುರಿಗೆ ಪಸೆ ತಾಗಿದರೆ ಹುಲ್ಲಿಗೆ ಇನ್ನೂ ಬಿಸಿಲು ಬೇಕು.

ಎರಡನೆಯದು ಉಪ್ಪಿನ ಪರೀಕ್ಷೆ. ಹುಲ್ಲನ್ನು ಸಣ್ಣಗೆ ಕತ್ತರಿಸಿ ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಅರ್ಧಕ್ಕೂ ಹೆಚ್ಚು ತುಂಬಿ, ಒಂದು ದೊಡ್ಡ ಚಮಚ ಪುಡಿಯುಪ್ಪು ಹಾಕಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಕುಲುಕಿ. ಉಪ್ಪು ಉದುರಾಗಿಯೇ ಇದ್ದರೆ ತೇವ ಶೇ 15ರ ಒಳಗಿದೆ, ಗಂಟುಕಟ್ಟಿದರೆ ಮೇಲಿದೆ. ಇದರ ಹಿಂದೆ ಒಂದು ಸೊಗಸಾದ ಲೆಕ್ಕವಿದೆ. ಸುತ್ತಲಿನ ಗಾಳಿಯ ಆರ್ದ್ರತೆ ಶೇ 75 ದಾಟಿದರೆ ಅಡುಗೆ ಉಪ್ಪು ನೀರು ಹೀರಿ ಒದ್ದೆಯಾಗುತ್ತದೆ. ಮುಚ್ಚಿದ ಬಾಟಲಿಯಲ್ಲಿ ಶೇ 15ರಷ್ಟು ತೇವದ ಹುಲ್ಲು ತನ್ನ ಸುತ್ತ ಹೆಚ್ಚುಕಡಿಮೆ ಅಷ್ಟೇ ಆರ್ದ್ರತೆಯ ಗಾಳಿಯನ್ನು ಉಂಟುಮಾಡುತ್ತದೆ. ಎರಡು ಗೆರೆಗಳೂ ಅಕ್ಕಪಕ್ಕ ಇರುವುದರಿಂದಲೇ ಉಪ್ಪು ಸಾಕ್ಷಿ ಹೇಳಬಲ್ಲದು. ಇದಕ್ಕೆ ಕಲ್ಲುಪ್ಪು ಬೇಡ. ಅದರಲ್ಲಿರುವ ಮೆಗ್ನೀಸಿಯಂ ಲವಣ ಬಹುಬೇಗ ನೀರೆಳೆದು ದಾರಿ ತಪ್ಪಿಸುತ್ತದೆ.

ಅಂಕಿಯೇ ಬೇಕೆಂದರೆ ತಕ್ಕಡಿ ಹಿಡಿಯಬೇಕು. ಕತ್ತರಿಸಿದ ಹುಲ್ಲು ಸರಿಯಾಗಿ 100 ಗ್ರಾಂ ತೂಗಿ, ಮೈಕ್ರೋವೇವ್ ಒಲೆಯಲ್ಲಿ ಒಂದು ಲೋಟ ನೀರಿನ ಜೊತೆ ಇಟ್ಟು, ಸ್ವಲ್ಪಸ್ವಲ್ಪ ಹೊತ್ತು ಕಾಯಿಸುತ್ತ ಮತ್ತೆ ಮತ್ತೆ ತೂಗಿ. ತೂಕ ಇಳಿಯುವುದು ನಿಂತಾಗ 82 ಗ್ರಾಂ ಉಳಿದಿದ್ದರೆ ತೇವ ಶೇ 18. ನೀರಿನ ಲೋಟ ಇಡುವುದು ಹುಲ್ಲು ಕರಕಲಾಗದಿರಲಿ ಎಂದು. ಬೇರೆಲ್ಲ ವಿಧಾನಗಳ ಸರಿತಪ್ಪು ನೋಡುವುದು ಈ ಒಣಗಿಸಿ ತೂಗುವ ವಿಧಾನದಿಂದಲೇ.

ಗದ್ದೆಯ ಬದುವಿನ ಮೇಲೆ ನಿಂತು ಕೂಡಲೇ ತಿಳಿಯಬೇಕಾದರೆ ಮೀಟರ್ ಬೇಕು. ಮೊಳದುದ್ದದ ಚೂಪು ಸಲಾಕೆ, ಅದರ ತುದಿಯಲ್ಲಿ ಒಂದಕ್ಕೊಂದು ತಾಗದ ಎರಡು ಲೋಹದ ಭಾಗ, ಹಿಡಿಯಲ್ಲಿ ಅಂಕಿ ತೋರಿಸುವ ಪರದೆ, ಇಷ್ಟೇ ಅದರ ರಚನೆ. ಒಣ ಹುಲ್ಲಿನಲ್ಲಿ ವಿದ್ಯುತ್ ಹರಿಯುವುದು ಕಷ್ಟ, ಲವಣ ಕರಗಿದ ನೀರಿನಲ್ಲಿ ಸಲೀಸು. ಹರಿದ ವಿದ್ಯುತ್ತಿನಿಂದ ಮೀಟರ್ ತೇವವನ್ನು ಅಂದಾಜು ಮಾಡುತ್ತದೆ. ಇನ್ನೊಂದು ಬಗೆಯ ಮೀಟರ್ ವಿದ್ಯುತ್ ಕ್ಷೇತ್ರದಲ್ಲಿ ನೀರು ತೋರುವ ಗುಣವನ್ನು ನೆಚ್ಚಿಕೊಂಡಿದೆ. ಈ ಗುಣದ ಅಳತೆ ನೀರಿಗೆ 80ರ ಆಸುಪಾಸು, ಒಣ ಹುಲ್ಲಿಗೆ ಕೆಲವೇ ಅಂಕಿ. ಹಾಗಾಗಿ ತುಸು ನೀರೂ ಎದ್ದು ಕಾಣುತ್ತದೆ.

ಎರಡಕ್ಕೂ ಮಿತಿಗಳಿವೆ. ಸಾಲಿನಲ್ಲಿ ಸಡಿಲವಾಗಿ ಬಿದ್ದ ಹುಲ್ಲಿಗೆ ಸಲಾಕೆ ಚುಚ್ಚಿದರೆ ಸಂದಿಯ ಗಾಳಿಯಿಂದಾಗಿ ಅಂಕಿ ಕಡಿಮೆ ಬರುತ್ತದೆ. ಬಕೆಟ್ಟಿನಲ್ಲಿ ಹುಲ್ಲನ್ನು ಕಾಲಿನಿಂದ ಬಿಗಿಯಾಗಿ ತುಳಿದು ಚುಚ್ಚಬೇಕು. ಮೇಲೆ ಇಬ್ಬನಿ ಕೂತಿದ್ದರೆ ಅಂಕಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ಈ ಮೀಟರುಗಳನ್ನು ಬಹುಪಾಲು ವಿದೇಶಿ ಮೇವಿನ ಹುಲ್ಲಿಗೆ ಹೊಂದಿಸಿರುತ್ತಾರೆ. ಸಿಲಿಕಾ, ಪೊಟ್ಯಾಸಿಯಂ ಹೆಚ್ಚಿರುವ ಭತ್ತದ ಹುಲ್ಲಿನಲ್ಲಿ ಅದೇ ಅಂಕಿ ಸರಿಬರುತ್ತದೆ ಎನ್ನಲಾಗದು. ಆದ್ದರಿಂದ ಋತುವಿನ ಮೊದಲಲ್ಲೇ ಒಂದೆರಡು ಸಲ ತೂಗಿ ನೋಡಿ, ನಮ್ಮ ಹುಲ್ಲಿಗೆ ಮೀಟರ್ ಎಷ್ಟು ಹೆಚ್ಚು ಅಥವಾ ಕಡಿಮೆ ತೋರುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಕಾಫಿಯ ಮೀಟರ್ ಮನೆಯಲ್ಲೇ ಇದ್ದರೂ ಇಲ್ಲಿ ಉಪಯೋಗವಿಲ್ಲ, ಅದು ಕಾಳಿಗೆ ಮಾಡಿದ್ದು.

ಎಲ್ಲಿ, ಯಾವಾಗ?

ಸಾಲಿನ ಮೇಲ್ಮೈ ಹೊನ್ನಿನ ಬಣ್ಣಕ್ಕೆ ತಿರುಗಿದ್ದರೂ ಅಡಿಯ ಹುಲ್ಲು ಗದ್ದೆಯ ಪಸೆ ಹೀರಿ ಒದ್ದೆಯಾಗಿಯೇ ಇರಬಹುದು. ಮಾದರಿ ತೆಗೆಯಬೇಕಾದದ್ದು ಅಡಿಯಿಂದ. ಮರದ ನೆರಳು ಬೀಳುವ ಅಂಚು, ನೀರು ನಿಲ್ಲುವ ತಗ್ಗು, ಕಳೆ ಬೆಳೆದ ಬದುವಿನ ಪಕ್ಕ, ಇವು ತಪ್ಪಬಾರದು. ಹತ್ತು ಕಡೆ ನೋಡಿ ಸರಾಸರಿ ತೆಗೆದು ಸಮಾಧಾನಪಟ್ಟರೆ ಆಗದು. ಮುಗ್ಗುವುದು ಸರಾಸರಿ ಹುಲ್ಲಲ್ಲ, ಅತಿ ಒದ್ದೆಯಾದ ಹುಲ್ಲು. ಎಲ್ಲಕ್ಕಿಂತ ಹೆಚ್ಚು ಬಂದ ಅಂಕಿಯ ಮೇಲೆ ತೀರ್ಮಾನ ಮಾಡಬೇಕು.

ಕಾಡಂಚಿನ ತಿತಿಮತಿಯಲ್ಲಿ ಡಿಸೆಂಬರ್, ಜನವರಿಯ ಬೆಳಗು ಮಂಜಿನದು. ಹಿಂದಿನ ಸಂಜೆ ಒಣಗಿದ್ದ ಹುಲ್ಲು ರಾತ್ರಿ ಗಾಳಿಯ ತೇವ ಹೀರಿ ಬೆಳಗ್ಗೆ ಮೆತ್ತಗಾಗಿರುತ್ತದೆ. ಮಂಜು ಕರಗಿ, ಸಾಲನ್ನು ಒಮ್ಮೆ ತಿರುವಿ ಹಾಕಿ, ಮಧ್ಯಾಹ್ನದ ಬಿಸಿಲು ಬಿದ್ದ ಮೇಲೆ ಅಳೆದು ಸುತ್ತಿದರೆ ಒಳ್ಳೆಯದು. ರಾತ್ರಿ ದೀಪ ಹಾಕಿಕೊಂಡು ಸುತ್ತುವುದು ಇಬ್ಬನಿಯನ್ನೇ ಕಟ್ಟಿಟ್ಟಂತೆ. ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯುವುದೂ ಉಂಟು. 2021ರ ನವೆಂಬರಿನ ಅಕಾಲ ಮಳೆ ಕಾಫಿ, ಭತ್ತ ಎರಡನ್ನೂ ಕಾಡಿತು. ಅಂಥ ವರ್ಷ ಅಂದಾಜು ಕೈಕೊಡುವ ಸಂಭವ ಇನ್ನೂ ಹೆಚ್ಚು.

ಒದ್ದೆ ಹುಲ್ಲನ್ನು ಸುತ್ತಿಯಾಗಿದ್ದರೆ ಒಟ್ಟಬೇಡಿ. ಸುರುಳಿಗಳ ನಡುವೆ ಗಾಳಿಯಾಡುವಂತೆ ಬಿಡಿಬಿಡಿಯಾಗಿಟ್ಟು ಮೂರು ವಾರ ಕಣ್ಣಿಡಿ. ಕಬ್ಬಿಣದ ಸಲಾಕೆ ಚುಚ್ಚಿ ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಅಪಾಯ. ಒಟ್ಟಿದ ರಾಶಿಯೇ ಹಾಗೆ ಬಿಸಿಯಾಗಿದ್ದರೆ ನೀವಾಗಿ ಕೆದಕಬೇಡಿ, ಗಾಳಿ ಒಳಹೊಕ್ಕ ಕೂಡಲೇ ಬೆಂಕಿ ಏಳಬಹುದು. ಅಗ್ನಿಶಾಮಕ ದಳಕ್ಕೆ ತಿಳಿಸಿದ ಮೇಲೆಯೇ ಮುಟ್ಟಬೇಕು.

ತೇವ ಅಳೆಯುವುದು ದುಡ್ಡಿನ ಲೆಕ್ಕವೂ ಹೌದು. ಇಪ್ಪತ್ತು ಕಿಲೋದ ಸುರುಳಿಯಲ್ಲಿ ಶೇ 15 ತೇವವಿದ್ದರೆ ನೀರು ಮೂರು ಲೀಟರ್, ಶೇ 25 ಇದ್ದರೆ ಐದು. ತೂಕದಲ್ಲಿ ಕೊಳ್ಳುವವನು ಆ ಎರಡು ಲೀಟರ್ ನೀರಿಗೂ ಹುಲ್ಲಿನ ಬೆಲೆ ತೆರುತ್ತಾನೆ, ಮೇಲೆ ಬೂಷ್ಟು ಬಿಟ್ಟಿ. ಇನ್ನೊಂದು ಕಡೆ, ಬೇಲರ್‌ನವರಿಗೆ ಕೂಲಿ ಸಿಗುವುದು ಸುರುಳಿಯ ಎಣಿಕೆಯ ಮೇಲೆ. ಬೇಗ ಮುಗಿಸಿ ಮುಂದಿನ ಗದ್ದೆಗೆ ಹೋಗುವುದು ಅವರ ಅವಸರ, ಅದು ಅವರ ತಪ್ಪಲ್ಲ. ಆದರೆ ಯಾವಾಗ ಸುತ್ತಬೇಕೆಂದು ಹೇಳಬೇಕಾದವರು ಹುಲ್ಲಿನ ಒಡೆಯರು. ‘ಇವತ್ತು ಬೇಡ, ನಾಳೆ ಮಧ್ಯಾಹ್ನ ಬನ್ನಿ’ ಎನ್ನಲು ಕೈಯಲ್ಲೊಂದು ಅಂಕಿ ಇದ್ದರೆ ಮಾತಿಗೆ ತೂಕ ಬರುತ್ತದೆ. ಮನೆಗೊಂದು ಮೀಟರ್ ಬೇಕಿಲ್ಲ. ಊರಿನ ಹಾಲಿನ ಸಂಘವೋ, ಅಕ್ಕಪಕ್ಕದ ನಾಲ್ಕು ಮನೆಯವರೋ ಸೇರಿ ಒಂದನ್ನು ಕೊಂಡರೆ ಕೊಯ್ಲಿನ ಕಾಲವೆಲ್ಲ ಸಾಲುತ್ತದೆ. ಅದನ್ನು ಭತ್ತದ ಹುಲ್ಲಿಗೆ ಹೊಂದಿಸುವುದು ಹೇಗೆಂದು ಕೇಳಲು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಮೀಟರ್ ಬರುವವರೆಗೆ ಬಾಟಲಿಯೂ ಪುಡಿಯುಪ್ಪೂ ಯಾವ ಮನೆಯಲ್ಲಿಲ್ಲ? ಈ ಕೊಯ್ಲಿಗೇ ಶುರುಮಾಡಬಹುದು.