ಕುದಿಸಿದರೆ ವಿಷ ಹೋಗುತ್ತದೆಯೇ?

ಬೋಧನಾಭ್ಯಾಸದ ಎರಡನೆಯ ವಾರ ಹತ್ತನೇ ತರಗತಿಗೆ ಪ್ರತ್ಯಾಮ್ಲಗಳ ಪಾಠ ಮಾಡುತ್ತಿದ್ದೆ. ಸಸ್ಯಗಳಲ್ಲೂ ಪ್ರತ್ಯಾಮ್ಲಗಳಿವೆ, ಅವೇ ಆಲ್ಕಲಾಯ್ಡ್‌ಗಳು ಎನ್ನಲು ಆಟಿ ಅಮಾವಾಸ್ಯೆಯ ಹಾಲೆ ಕಷಾಯದ ಉದಾಹರಣೆ ಕೊಟ್ಟೆ. ನಸುಕಿನಲ್ಲಿ ಹಾಲೆಯೆಂದು ಕಾಸರಕದ ತೊಗಟೆ ತರಬೇಡಿ ಎಂಬ ಎಚ್ಚರಿಕೆಯನ್ನೂ ಹೇಳಿದೆ. ಒಬ್ಬಳು ಎದ್ದು ಕೇಳಿದಳು: "ಕುದಿಸಿದರೆ ವಿಷ ಹೋಗುವುದಿಲ್ಲವೇ ಟೀಚರ್?" ನಾನು "ಸ್ವಲ್ಪ ಹೋಗಬಹುದು" ಎಂದುಬಿಟ್ಟೆ.

ತಪ್ಪು ಉತ್ತರ. ನನ್ನ ತಲೆಯಲ್ಲಿದ್ದದ್ದು ಹಿಮಾಲಯದ ವತ್ಸನಾಭ. ಅದರ ಅಕೋನಿಟಿನ್ ಅಣುವಿನಲ್ಲಿ ಎರಡು ಎಸ್ಟರ್ ಬಂಧಗಳಿವೆ. ದೀರ್ಘಕಾಲ ಕುದಿಸಿದಾಗ ನೀರು ಮೊದಲು ಅಸಿಟಿಕ್ ಆಮ್ಲವನ್ನು, ಆಮೇಲೆ ಬೆಂಜೋಯಿಕ್ ಆಮ್ಲವನ್ನು ಬಿಡಿಸುತ್ತದೆ. ಉಳಿಯುವ ಅಕೋನಿನ್‌ನ ವಿಷ ಬಹಳ ಕಡಿಮೆ. ಸಾಬೂನೀಕರಣದಲ್ಲಿ ಮಕ್ಕಳು ಓದುವುದೂ ಇಂಥದೇ ಎಸ್ಟರ್ ವಿಭಜನೆ.

ಕಾಸರಕದ ಸ್ಟ್ರಿಕ್ನಿನ್‌ನಲ್ಲಿ (C₂₁H₂₂N₂O₂) ಎಸ್ಟರ್ ಇಲ್ಲ. ಏಳು ಉಂಗುರಗಳು ಹೆಣೆದುಕೊಂಡ ಗಟ್ಟಿ ಅಣು. ಎರಡು ಸಾರಜನಕಗಳಲ್ಲಿ ಒಂದು ಉಂಗುರದೊಳಗಿನ ಅಮೈಡ್. ಅದನ್ನು ಒಡೆಯಲು ಪ್ರಬಲ ಕ್ಷಾರವೇ ಬೇಕು. ಇನ್ನೊಂದು ಪ್ರತ್ಯಾಮ್ಲೀಯ, ಗಿಡದ ಆಮ್ಲಗಳೊಡನೆ ಲವಣವಾಗಿ ಬಿಸಿನೀರಿಗೆ ಇಳಿಯುತ್ತದೆ. ಅಂದರೆ ಕುದಿಸುವುದು ವಿಷವನ್ನು ಕೊಲ್ಲುವುದಿಲ್ಲ, ತೊಗಟೆಯಿಂದ ಲೋಟಕ್ಕೆ ಸಾಗಿಸುತ್ತದೆ! ವೈದ್ಯರು ಕಾಸರಕದ ಬೀಜವನ್ನು ಶೋಧನೆ ಮಾಡುವಾಗ ಗೋಮೂತ್ರದಲ್ಲಿ ನೆನೆಹಾಕಿ, ಹಾಲಿನಲ್ಲಿ ಬೇಯಿಸಿ, ಆ ದ್ರವವನ್ನು ಚೆಲ್ಲುತ್ತಾರೆ. ಕಷಾಯದಲ್ಲಿ ನಾವು ಕುಡಿಯುವುದು ದ್ರವವನ್ನೇ.

ನಾಲಿಗೆಯನ್ನೂ ನಂಬುವಂತಿಲ್ಲ. ಸ್ಟ್ರಿಕ್ನಿನ್ ವಿಪರೀತ ಕಹಿ ನಿಜ, ಆದರೆ ಹಾಲೆಯೂ ಕಹಿಯೇ. ಕಹಿಯೆಂದು ಗೊತ್ತಿದ್ದೇ ಕುಡಿಯುವ ದಿನ ಅದು; ಜೊತೆಗೆ ಬೆಳ್ಳುಳ್ಳಿ, ಕಾಳುಮೆಣಸು ಬೇರೆ. ಒಳಹೋದ ಸ್ಟ್ರಿಕ್ನಿನ್ ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಬ್ರೇಕ್ ಹಾಕುವ ಗ್ಲೈಸಿನ್‌ನ ಗ್ರಾಹಕಗಳನ್ನು ತಡೆಯುತ್ತದೆ. ಪ್ರಜ್ಞೆ ಇರುವಾಗಲೇ ಮೈ ಸೆಟೆದು, ಉಸಿರಾಟ ನಿಲ್ಲಬಹುದು. ವಯಸ್ಕರಿಗೂ 30ರಿಂದ 120 ಮಿಲಿಗ್ರಾಂ ಸಾಕೆನ್ನುತ್ತಾರೆ. ಶಂಕೆ ಬಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಮರುದಿನದ ಪಾಠಯೋಜನೆಯಲ್ಲಿ ಬೇರೆ ವಿಷಯವಿತ್ತು. ಮೇಲ್ವಿಚಾರಕರ ಒಪ್ಪಿಗೆ ಪಡೆದು ಮೊದಲ ಹತ್ತು ನಿಮಿಷ "ನಿನ್ನೆ ನಾನು ತಪ್ಪು ಹೇಳಿದೆ" ಎಂದು ಎರಡೂ ಅಣುಗಳನ್ನು ಹಲಗೆಯ ಮೇಲೆ ಸರಳವಾಗಿ ಬಿಡಿಸಿದೆ. ಎಲೆಗಳನ್ನೂ ತೋರಿಸಿದೆ: ಹಾಲೆಯದು ಒಂದೇ ಗೆಣ್ಣಿನಲ್ಲಿ ಸುತ್ತಲೂ ಏಳರಷ್ಟು, ಗಾಯವಾದರೆ ಬಿಳಿ ಹಾಲು, ಕಾಸರಕದ್ದು ಎದುರುಬದುರು ಜೋಡಿ, ಬುಡದಿಂದಲೇ ಎದ್ದುಕಾಣುವ ನರಗಳು, ಹಾಲಿಲ್ಲ. ಪ್ರಶ್ನೆ ಕೇಳಿದವಳೇ ಹೇಳಿದಳು, ಅವಳ ಅಜ್ಜ ಹಿಂದಿನ ದಿನ ಬೆಳಕಿರುವಾಗಲೇ ಮರಕ್ಕೆ ನೂಲು ಕಟ್ಟಿ ಬರುತ್ತಾರಂತೆ.