ಮೃಗಾಲಯ, ಪಕ್ಷಿಧಾಮ, ಡೇರೆ: ಕಾವೇರಿ ಸೀಮೆಯಲ್ಲಿ ಮಕ್ಕಳ ಪಾಠಶಾಲೆ

ಮೈಸೂರು ಪ್ರವಾಸ ಎಂದರೆ ಬೆಳಿಗ್ಗೆ ಚಾಮುಂಡಿ ಬೆಟ್ಟ, ಮಧ್ಯಾಹ್ನ ಮೃಗಾಲಯ ಮತ್ತು ಅರಮನೆ, ಸಂಜೆ ಬೃಂದಾವನ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಧಾವಂತದಲ್ಲಿ ಮಕ್ಕಳು ನಿಂತು ನೋಡುವುದು ಬಹಳ ಕಡಿಮೆ. ಮೃಗಾಲಯಕ್ಕೆ ಅರ್ಧ ದಿನ, ರಂಗನತಿಟ್ಟಿಗೆ ಒಂದು ಮುಂಜಾನೆ, ಕಾವೇರಿ ದಡದ ಡೇರೆಗೆ ಒಂದು ರಾತ್ರಿ ಕೊಟ್ಟು ನೋಡಿ. ಪ್ರಾಣಿ-ಪಕ್ಷಿಗಳನ್ನು ಗಮನಿಸುವ ಅಭ್ಯಾಸ ಬೆಳೆಸಲು ಇದಕ್ಕಿಂತ ಒಳ್ಳೆಯ ದಾರಿ ನಮ್ಮ ನಾಡಿನಲ್ಲಿ ಸುಲಭಕ್ಕೆ ಸಿಗದು.

ಶ್ರೀ ಚಾಮರಾಜೇಂದ್ರ ಮೃಗಾಲಯ ಆರಂಭವಾದದ್ದು 1892ರಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ. ಆಗ ಅದು ಸುಮಾರು 10 ಎಕರೆಯ ‘ಅರಮನೆ ಮೃಗಾಲಯ’. 1909ರಲ್ಲಿ ಈಗಿನ ಹೆಸರು ಬಂತು. ಇಂದು ಕರ್ನಾಟಕ ಮೃಗಾಲಯ ಪ್ರಾಧಿಕಾರ ಇದನ್ನು ನೋಡಿಕೊಳ್ಳುತ್ತಿದೆ. ಇಲ್ಲಿನ ಹಲವು ಪ್ರಾಣಿಗಳಿಗೆ ಇಕ್ಕಟ್ಟಾದ ಕಬ್ಬಿಣದ ಪಂಜರಗಳಿಲ್ಲ. ಕಂದಕದ ಆಚೆಗಿನ ಬಯಲು ಆವರಣಗಳಲ್ಲಿ ಅವು ನಡೆದಾಡುತ್ತವೆ, ಮಣ್ಣಿನಲ್ಲಿ ಹೊರಳುತ್ತವೆ. ದೂರದ ಆಫ್ರಿಕಾದ ಜಿರಾಫೆ, ಜರ್ಮನಿಯಿಂದ 2021ರಲ್ಲಿ ಬಂದ ಥಾಬೊ ಮತ್ತು ಡೆಂಬಾ ಎಂಬ ಗೊರಿಲ್ಲಾಗಳನ್ನು ಹಳ್ಳಿಯ ಮಗುವೂ ಕಣ್ಣಾರೆ ನೋಡಬಹುದು. ಬೇಸಿಗೆಯಲ್ಲಿ ಮಕ್ಕಳಿಗಾಗಿ ಶಿಬಿರಗಳೂ ನಡೆಯುತ್ತವೆ. ಪಕ್ಕದ ಕಾರಂಜಿ ಕೆರೆಯ ಬಲೆ ಹೊದಿಸಿದ ಪಕ್ಷಿಮನೆಯಲ್ಲಿ ನವಿಲುಗಳ ನಡುವೆಯೇ ಓಡಾಡಬಹುದು.

ಮೃಗಾಲಯದಲ್ಲಿ ಎಲ್ಲ ಆವರಣಗಳನ್ನೂ ಮುಟ್ಟಿ ಬರಬೇಕೆಂಬ ಹಟ ಬೇಡ. ಎರಡು ಮೂರು ಪ್ರಾಣಿಗಳನ್ನು ಆರಿಸಿಕೊಂಡು, ಒಂದೊಂದರ ಮುಂದೆ ಹದಿನೈದು ನಿಮಿಷ ಸುಮ್ಮನೆ ನಿಲ್ಲಿ. ಜಿರಾಫೆ ನಾಲಿಗೆ ಚಾಚಿ ಸೊಪ್ಪನ್ನು ಹೇಗೆ ಸೆಳೆಯುತ್ತದೆ, ಆನೆ ಸೊಂಡಿಲಿನಿಂದ ಹುಲ್ಲಿನ ಮಣ್ಣನ್ನು ಹೇಗೆ ಕೊಡವುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಹೀಗೆ ನಿಂತು ನೋಡುವುದನ್ನು ಕಲಿತ ಮಗುವಿಗೆ ರಂಗನತಿಟ್ಟು ದೊಡ್ಡ ಹಬ್ಬ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಇಲ್ಲಿನ ತಿಟ್ಟುಗಳು ಉಂಟಾದವು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಅರಸರು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿದರು. 2022ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು.

ಅರಣ್ಯ ಇಲಾಖೆಯ ದೋಣಿ ತಿಟ್ಟಿನ ಹತ್ತಿರ ಹೋದಾಗ ಕೊಕ್ಕುಗಳನ್ನು ನೋಡಲು ಹೇಳಿ. ಬಾಯ್ಕಳಕ ಕೊಕ್ಕರೆ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿದಿರುತ್ತದೆ. ಬಸವನ ಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವ ಹಕ್ಕಿ ಅದು. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ, ಕಾಲಿನಿಂದ ಕೆಸರು ಕಲಕುತ್ತದೆ. ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚುತ್ತದೆ. ಚಮಚದಂಥ ಕೊಕ್ಕಿನ ಹಕ್ಕಿ ತಲೆಯನ್ನು ಅತ್ತಿತ್ತ ಬೀಸುತ್ತ ನೀರನ್ನು ಜಾಲಾಡುತ್ತದೆ. ಹಾವಕ್ಕಿ ಈಜುವಾಗ ಕತ್ತು ಮಾತ್ರ ಮೇಲೆ ಕಾಣುತ್ತದೆ, ಆಮೇಲೆ ಬಂಡೆ ಏರಿ ರೆಕ್ಕೆ ಒಣಗಿಸುತ್ತದೆ. ಒಂದೇ ಹೊಳೆಯಲ್ಲಿ ಇಷ್ಟೊಂದು ಬಗೆಯ ಹಕ್ಕಿಗಳು ಹೇಗೆ ಬದುಕುತ್ತವೆ ಎಂಬ ಪ್ರಶ್ನೆಗೆ ಉತ್ತರ ಈ ಕೊಕ್ಕುಗಳಲ್ಲೇ ಇದೆ. ಪಕ್ಕದ ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತಿರುತ್ತವೆ, ಆದ್ದರಿಂದ ದೋಣಿಯಿಂದ ಕೈ ಚಾಚಬಾರದು.

ಡೇರೆವಾಸಕ್ಕೆ ಮಳವಳ್ಳಿ, ಹಲಗೂರು ದಾಟಿ ಭೀಮೇಶ್ವರಿಗೆ ಹೋಗಬಹುದು. ಇದು ಕಾವೇರಿ ವನ್ಯಜೀವಿಧಾಮದ ಸೀಮೆ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ ಹೊಳೆದಡದಲ್ಲೇ ಇದೆ. ನಮ್ಮಲ್ಲಿ ವಿರಳವಾದ ಬೂದು ಬಣ್ಣದ ದೊಡ್ಡ ಅಳಿಲು ಇಲ್ಲಿನ ಹೊಳೆಯಂಚಿನ ಮರಗಳಲ್ಲಿ ಬದುಕುತ್ತದೆ. ಅದೃಷ್ಟವಿದ್ದರೆ ನೀರುನಾಯಿಗಳ ಗುಂಪೂ ಕಾಣಬಹುದು. ಕತ್ತಲಾದ ಮೇಲೆ ಫೋನು ಬದಿಗಿಟ್ಟು ಕಿವಿಗೊಟ್ಟರೆ ನತ್ತಿಂಗ, ಗೂಬೆಗಳ ದನಿ ಕೇಳುತ್ತದೆ. ವನ್ಯಜೀವಿಧಾಮದೊಳಗೆ ಮನಬಂದಲ್ಲಿ ಡೇರೆ ಹಾಕುವಂತಿಲ್ಲ. ಅನುಮತಿಯಿರುವ ಶಿಬಿರದಲ್ಲಿ ಮೊದಲೇ ಜಾಗ ಕಾದಿರಿಸಿ.

ರಂಗನತಿಟ್ಟಿನಲ್ಲಿ ಕೊಕ್ಕರೆಗಳ ಗೂಡು ನೋಡಲು ಫೆಬ್ರುವರಿಯಿಂದ ಮೇ ತಿಂಗಳು ಒಳ್ಳೆಯ ಕಾಲ. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿವಿಹಾರ ನಿಲ್ಲುತ್ತದೆ. ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ. ದುರ್ಬೀನು, ಟಿಪ್ಪಣಿ ಪುಸ್ತಕ, ಮಂಕು ಬಣ್ಣದ ಬಟ್ಟೆ ಜೊತೆಗಿರಲಿ.

ಪ್ರಾಣಿಗಳಿಗೆ ತಿಂಡಿ ಎಸೆಯುವುದು, ಕೂಗಿ ಕೆಣಕುವುದು ಎಲ್ಲಿಯೂ ಬೇಡ. ಆಗುವವರು ಮೃಗಾಲಯದ ದತ್ತು ಯೋಜನೆಯಲ್ಲಿ ಮಕ್ಕಳ ಹುಟ್ಟುಹಬ್ಬದ ನೆಪದಲ್ಲಿ ಒಂದು ಹಕ್ಕಿಯನ್ನಾದರೂ ದತ್ತು ಪಡೆಯಿರಿ. ಅದರ ಊಟ-ಉಪಚಾರದ ಖರ್ಚಿಗೆ ನಿಮ್ಮ ಹಣ ನೆರವಾಗುತ್ತದೆ.