ಯಾವ ಧಾತು ಸಂವತ್ಸರ?

ಹೊಲದ ಪಾಲಿಗೆ ವಂಶಾವಳಿ ಬೇಕು. ಹಿರೀಕ ತೀರಿಕೊಂಡದ್ದು ಯಾವಾಗ? ‘ಧಾತು ಸಂವತ್ಸರದಾಗ’ ಅಂತಾರೆ ಮನೆಯ ಅಜ್ಜಿ. ಇಲ್ಲೇ ಇರೋದು ತೊಡಕು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಧಾತು 1876ರಲ್ಲೂ ಬಂತು, 1936ರಲ್ಲೂ ಬಂತು.

1936 ಆದರೆ ದಾರಿ ಉಂಟು. ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮದರಾಸು ಪ್ರಾಂತದಲ್ಲಿದ್ದವು. ಅಲ್ಲಿ 1899ರಲ್ಲೇ ಜನನ-ಮರಣ ನೋಂದಣಿ ಕಾಯ್ದೆ ಆಗಿತ್ತು. ಹಳೇ ರಿಜಿಸ್ಟರು ಹುಡುಕಿಸಿ ನೋಡಬಹುದು.

1876 ಅಂದರೆ ಬಳ್ಳಾರಿ ಜಿಲ್ಲೆಯೇ ತತ್ತರಿಸಿದ ದೊಡ್ಡ ಬರ. ಸತ್ತವರ ಹೆಸರು ಬರೆದಿಟ್ಟವರಾರು?

ಉಳಿದವನು ಹೆಳವ. ಎತ್ತಿನ ಮೇಲೆ ಬಂದು ಮನೆತನದ ತಲೆಮಾರು ಒಪ್ಪಿಸುವವನು. ಅವನಲ್ಲಿ ತಾರೀಖು ಸಿಗದಿದ್ದರೂ ಯಾರ ಮಗ ಯಾರು ಅನ್ನೋದು ಸಿಗುತ್ತೆ. ತಲೆ ಎಣಿಸಿದರೆ ಯಾವ ಧಾತು ಅಂತ ಅಂದಾಜಾಗುತ್ತೆ. ಕಚೇರಿಯವರು ಒಪ್ಪಲಿ ಬಿಡಲಿ, ಹೆಳವ ಬಾಗಿಲಿಗೆ ಬಂದರೆ ಕಾಳು ಕೊಟ್ಟು ಸುಮ್ಮನೆ ಕಳಿಸಬೇಡಿ. ಕೂರಿಸಿ, ಕೇಳಿ, ಬರೆದಿಟ್ಟುಕೊಳ್ಳಿ.